ಇಸ್ರೋಗೆ ಓದಲು ಬೆಂಗಳೂರೇ ಬೇಕೆ?

ಬಿಇ ಮುಗಿಸಿ ಊರಿಗೆ ಬಂದ ಹುಡುಗನೋ ಹುಡುಗಿಯೋ ಇಸ್ರೋ ಪರೀಕ್ಷೆ ಕಟ್ಟುತ್ತೇನೆ ಎಂದ ದಿನದಿಂದ ಕೊಪ್ಪದ ಕಡೆಯ ಮನೆಗೆ ಸಲಹೆಗಾರರು ಬರತೊಡಗುತ್ತಾರೆ. ಬರುವವರು ಹತ್ತು ಜನ, ಸಲಹೆ ಒಂದೇ. "ಇಲ್ಲಿ ಕೂತ್ಕಂಡು ಓದಿದ್ರೆ ಎಂತ ಆಗ್ತದೆ ಮಾರಾಯ್ರೆ, ಬೆಂಗ್ಳೂರಿಗೆ ಕಳ್ಸಿ. ಒಂದು ವರ್ಷ ಕೋಚಿಂಗಿಗೆ ಹಾಕ್ಸಿ." ಶೃಂಗೇರಿಯಲ್ಲೂ ಇದೇ ಮಾತು, ನರಸಿಂಹರಾಜಪುರದಲ್ಲೂ ಇದೇ. ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಅಡಿಕೆ ಮಂಡಿಯಲ್ಲಿ ಈ ಮಾತಿಗೆ ಎದುರು ಹೇಳಿದವರನ್ನು ನಾನು ಕಂಡಿಲ್ಲ. ಹೇಳುವವರಲ್ಲಿ ಹೆಚ್ಚಿನವರು ಆ ಪರೀಕ್ಷೆಯ ಒಂದು ಪ್ರಶ್ನೆಪತ್ರಿಕೆಯನ್ನೂ ಬಿಡಿಸಿ ನೋಡಿದವರಲ್ಲ.

ಈ ಅಭಿಪ್ರಾಯ ತಪ್ಪು. ಊರಿಗೆ ಬಹಳ ಅನುಕೂಲವಾದ ತಪ್ಪಾದ್ದರಿಂದ ಇಷ್ಟು ಕಾಲ ಬಾಳಿಕೊಂಡು ಬಂದಿದೆ. ಅನುಕೂಲದ ವಿಚಾರಕ್ಕೆ ಆಮೇಲೆ ಬರುತ್ತೇನೆ, ಮೊದಲು ಪರೀಕ್ಷೆ ಏನು ಕೇಳುತ್ತದೆ ನೋಡೋಣ.

ಇಸ್ರೋದ ಕೇಂದ್ರೀಕೃತ ನೇಮಕಾತಿ ಮಂಡಳಿ ಎಂಜಿನಿಯರಿಂಗ್ ಪದವೀಧರರನ್ನು ಕರೆಯುವುದು 'ಸೈಂಟಿಸ್ಟ್/ಎಂಜಿನಿಯರ್ ಎಸ್‌ಸಿ' ಎಂಬ ಹುದ್ದೆಗೆ. ಎಸ್‌ಸಿ ಅಂದರೆ ಇಲ್ಲಿ ಹುದ್ದೆಯ ದರ್ಜೆ, ಮೀಸಲಾತಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಈ ಗೊಂದಲ ಇನ್ನೂ ಇರುವುದರಿಂದ ಹೇಳಬೇಕಾಯಿತು. 2025ರ ಮೇ ತಿಂಗಳ ಪ್ರಕಟಣೆಯಲ್ಲಿ ಇದ್ದದ್ದು 320 ಹುದ್ದೆ: ಮೆಕ್ಯಾನಿಕಲ್‌ಗೆ 160, ಎಲೆಕ್ಟ್ರಾನಿಕ್ಸ್‌ಗೆ 113, ಕಂಪ್ಯೂಟರ್ ಸೈನ್ಸ್‌ಗೆ 44, ಉಳಿದ 3 ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ. ಮೂಲ ವೇತನ 56,100 ರೂಪಾಯಿಯಿಂದ ಶುರು. ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 28. ಬಿಇಯಲ್ಲಿ ಪ್ರಥಮ ದರ್ಜೆಯ ಜೊತೆಗೆ ಒಟ್ಟು ಶೇಕಡಾ 65 ಅಂಕ, ಅಥವಾ ಹತ್ತಕ್ಕೆ 6.84 ಸಿಜಿಪಿಎ ಬೇಕು. ಈಚಿನ ಮಾದರಿಯಲ್ಲಿ ಲಿಖಿತ ಪರೀಕ್ಷೆಗೆ ಎರಡು ಗಂಟೆ. ಮೊದಲ ಭಾಗದಲ್ಲಿ ಅವರವರ ವಿಭಾಗದ 80 ಪ್ರಶ್ನೆ, ಎರಡನೆಯದರಲ್ಲಿ ತರ್ಕ ಮತ್ತು ಲೆಕ್ಕದ 15. ಮೊದಲ ಭಾಗದಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಹೋಗುತ್ತದೆ, ಎರಡನೆಯದರಲ್ಲಿ ಹೋಗುವುದಿಲ್ಲ. ಇದನ್ನು ದಾಟಿದವರನ್ನು ಒಂದು ಹುದ್ದೆಗೆ ಐದು ಜನರಂತೆ ಸಂದರ್ಶನಕ್ಕೆ ಕರೆಯುತ್ತಾರೆ. ಕೊನೆಯ ಪಟ್ಟಿಯಲ್ಲಿ ಲಿಖಿತಕ್ಕೆ ಅರ್ಧ, ಸಂದರ್ಶನಕ್ಕೆ ಅರ್ಧ.

ಆ 80 ಪ್ರಶ್ನೆಗಳಲ್ಲಿ ಗುಟ್ಟಿನ ಅಧ್ಯಾಯ ಯಾವುದೂ ಇಲ್ಲ. ಮೆಕ್ಯಾನಿಕಲ್‌ನವರಿಗೆ ಉಷ್ಣಗತಿ ಶಾಸ್ತ್ರ, ದ್ರವಗಳ ಚಲನೆ, ವಸ್ತುಬಲ, ಯಂತ್ರಗಳ ಸಿದ್ಧಾಂತ, ಉತ್ಪಾದನೆ. ಎಲೆಕ್ಟ್ರಾನಿಕ್ಸ್‌ನವರಿಗೆ ನೆಟ್‌ವರ್ಕ್, ಅನಲಾಗ್, ಡಿಜಿಟಲ್, ಸಿಗ್ನಲ್ಸ್, ಕಂಟ್ರೋಲ್, ಕಮ್ಯುನಿಕೇಶನ್. ಕಂಪ್ಯೂಟರ್‌ನವರಿಗೆ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್, ಕಂಪ್ಯೂಟರಿನ ಒಳರಚನೆ. ಇವೆಲ್ಲ ನಮ್ಮ ಮಕ್ಕಳು ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಕೆರೆಕಟ್ಟೆಯ ಮೇಲೆ ಘಾಟಿ ಇಳಿದು ನಿಟ್ಟೆಯಲ್ಲೋ ಮೂರರಿಂದ ಆರನೇ ಸೆಮಿಸ್ಟರಿನ ಒಳಗೆ ಓದಿದ, ಅಥವಾ ಓದಿದೆವೆಂದು ಪಾಸಾದ, ಪಾಠಗಳು. ಇಸ್ರೋ ಪರೀಕ್ಷೆಯೆಂದ ಮೇಲೆ ಯಾವ ರಾಕೆಟ್ ಯಾವಾಗ ಹಾರಿತು, ಚಂದ್ರಯಾನ ಇಳಿದ ತಾರೀಖು ಯಾವುದು ಎಂದೆಲ್ಲ ಉರು ಹೊಡೆಯುವ ಮಕ್ಕಳೂ ಇದ್ದಾರೆ. ಪಾಪ, ಆ ಓದು ಕ್ವಿಜ್ಜಿಗೆ ಆಗುತ್ತದೆ.

ಪ್ರಶ್ನೆ ಎಂಥದಿರುತ್ತದೆ ಎನ್ನಲು ಒಂದು ಪಾಠ ತೆಗೆದುಕೊಳ್ಳುತ್ತೇನೆ. ತುದಿ ಮುಚ್ಚಿದ ತೆಳುಗೋಡೆಯ ಸಿಲಿಂಡರು. ಒಳಗೆ ಒತ್ತಡ ತುಂಬಿದಾಗ ಗೋಡೆಯಲ್ಲಿ ಎರಡು ದಿಕ್ಕಿನ ಬಿಗಿತ ಹುಟ್ಟುತ್ತದೆ: ಸುತ್ತಳತೆಯ ದಿಕ್ಕಿನದು, ಉದ್ದದ ದಿಕ್ಕಿನದು. ಒತ್ತಡವನ್ನು ವ್ಯಾಸದಿಂದ ಗುಣಿಸಿ ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಮೊದಲನೆಯದು, ನಾಲ್ಕರಷ್ಟರಿಂದ ಭಾಗಿಸಿದರೆ ಎರಡನೆಯದು. ಸುತ್ತಳತೆಯ ದಿಕ್ಕಿನಲ್ಲಿ ಬಿಗಿತ ಯಾವಾಗಲೂ ಇಮ್ಮಡಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಹಳೆಯ ಪೈಪು ಒತ್ತಡ ಹೆಚ್ಚಾದರೆ ಅಡ್ಡಕ್ಕೆ ತುಂಡಾಗದೆ ಉದ್ದಕ್ಕೆ ಸೀಳುವುದು ಇದೇ ಕಾರಣಕ್ಕೆ. ರಾಕೆಟ್ಟಿನ ಇಂಧನದ ಟ್ಯಾಂಕಿಗೆ ಎಷ್ಟು ದಪ್ಪದ ತಗಡು ಬೇಕೆಂದು ಲೆಕ್ಕ ಹಾಕುವುದೂ ಇದರ ಮೇಲೆಯೇ. ಸೂತ್ರ ಬಾಯಿಪಾಠ ಮಾಡಿದವನಿಗೆ ಪರೀಕ್ಷೆ ಸೂತ್ರವನ್ನು ಕೇಳುವುದಿಲ್ಲ. ತುದಿ ಮುಚ್ಚದ ಸಿಲಿಂಡರಾದರೆ ಏನು, ಗೋಳವಾದರೆ ಏನು, ವ್ಯಾಸ ಎಷ್ಟು ಹಿಗ್ಗಿತು ಎಂದು ತಿರುಗಿಸಿ ಕೇಳುತ್ತದೆ. ಸೂತ್ರ ಹುಟ್ಟಿದ್ದು ಹೇಗೆಂದು ಒಮ್ಮೆ ಕಾಗದದ ಮೇಲೆ ಬಿಡಿಸಿದವಳು ಅರ್ಧ ನಿಮಿಷದಲ್ಲಿ ಉತ್ತರ ಹಾಕಿ ಮುಂದೆ ಹೋಗುತ್ತಾಳೆ. (ತೋಟದಲ್ಲಿ ಬೆಳೆದವರೆಲ್ಲ ಹುಟ್ಟಾ ಎಂಜಿನಿಯರುಗಳು ಎನ್ನುವ ಭಾವುಕತೆ ನನಗಿಲ್ಲ. ಪೈಪು ಸೀಳಿದ್ದನ್ನು ನೋಡಿದ ಸಾವಿರ ಜನರಲ್ಲಿ ಯಾಕೆಂದು ಕೇಳುವವರು ವಿರಳ.)

ಎರಡು ಗಂಟೆಗೆ 95 ಪ್ರಶ್ನೆ ಅಂದರೆ ಒಂದೊಂದಕ್ಕೆ ಸುಮಾರು 76 ಸೆಕೆಂಡು. ಇದನ್ನು ತೋರಿಸಿಯೇ ಕೋಚಿಂಗಿನವರು ಹೆದರಿಸುತ್ತಾರೆ: ವೇಗ ಬೇಕು, ಶಾರ್ಟ್‌ಕಟ್ ಬೇಕು, ಅವು ನಮ್ಮಲ್ಲಿ ಮಾತ್ರ ಸಿಗುತ್ತವೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುವ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತುತ್ತ ಹೋದರೆ ಸರಾಸರಿ ಗಳಿಕೆ ಸರಿಯಾಗಿ ಸೊನ್ನೆ. ಒಂದು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಿದ್ದರೆ ಪ್ರಶ್ನೆಗೆ ಒಂಬತ್ತನೇ ಒಂದು ಅಂಕ ಕೈಗೆ ಬರುತ್ತದೆ. ಎರಡು ಅಲ್ಲವೆಂದು ಗೊತ್ತಿದ್ದರೆ ಮೂರನೇ ಒಂದು. ಆಯ್ಕೆಯನ್ನು ಹೊಡೆದುಹಾಕುವ ಶಕ್ತಿ ಬರುವುದು ವಿಷಯ ತಿಳಿದಾಗ. ಏಕಮಾನ ಹೊಂದುತ್ತದೆಯೇ, ಉತ್ತರ ಈ ಗಾತ್ರದ್ದಿರಲು ಸಾಧ್ಯವೇ, ಒಂದು ತುದಿಯಲ್ಲಿ ಸೊನ್ನೆ ಹಾಕಿದರೆ ಏನಾಗುತ್ತದೆ ಎಂದು ಪರೀಕ್ಷಿಸುವ ಅಭ್ಯಾಸ ಅದು. ಪಠ್ಯಪುಸ್ತಕದ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಮಾಡಿದರೆ ಬರುತ್ತದೆ. ವಸ್ತುಬಲಕ್ಕೆ ಟಿಮೋಶೆಂಕೊ, ಎಲೆಕ್ಟ್ರಾನಿಕ್ಸ್‌ಗೆ ಸೆಡ್ರಾ ಮತ್ತು ಸ್ಮಿತ್, ಸಿಗ್ನಲ್ಸ್‌ಗೆ ಓಪನ್‌ಹೈಮ್, ಅಲ್ಗಾರಿದಮ್ಮಿಗೆ ಕಾರ್ಮೆನ್. ಈ ಪುಸ್ತಕಗಳು ಕಾಲೇಜಿನ ಗ್ರಂಥಾಲಯದಲ್ಲಿದ್ದವು. ನಾಲ್ಕು ವರ್ಷ ಅವನ್ನು ಮುಟ್ಟದೆ, ಪರೀಕ್ಷೆಯ ಹಿಂದಿನ ರಾತ್ರಿ ಜೆರಾಕ್ಸ್ ನೋಟ್ಸು ಓದಿ ದಾಟಿದವನಿಗೆ ಬೆಂಗಳೂರಿನಲ್ಲಿ ಸಿಗುವುದು ಇನ್ನೊಂದು ಬಗೆಯ ಜೆರಾಕ್ಸ್ ನೋಟ್ಸು, ಅಷ್ಟೆ.

ಮೇಲೆ ಹೇಳಿದ ಶೇಕಡಾ 65ರ ನಿಯಮವನ್ನು ಮತ್ತೊಮ್ಮೆ ನೋಡಿ. ಮನೆಯವರು ಮಗನ ಕೋಚಿಂಗಿನ ಬಗ್ಗೆ ಯೋಚಿಸುವುದು ಎಂಟನೇ ಸೆಮಿಸ್ಟರು ಮುಗಿದ ಮೇಲೆ. ಆ ಹೊತ್ತಿಗೆ ಅರ್ಜಿ ಹಾಕುವ ಯೋಗ್ಯತೆ ಇದೆಯೋ ಇಲ್ಲವೋ ತೀರ್ಮಾನವಾಗಿಯೇ ಹೋಗಿರುತ್ತದೆ. 64 ಬಂದವನನ್ನು ಯಾವ ಊರಿನ ಯಾವ ಮೇಷ್ಟ್ರೂ 65 ಮಾಡಲಾರರು. ಸಂದರ್ಶನದಲ್ಲಿ ಕೇಳುವುದೂ ಮೂಲ ಪಾಠಗಳನ್ನು, ಕೊನೆಯ ವರ್ಷದ ಪ್ರಾಜೆಕ್ಟನ್ನು. ಆ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ರೆಡಿಮೇಡ್ ತಂದವನು ಮಂಡಳಿಯ ಎದುರು ಏನು ಹೇಳುತ್ತಾನೆ? ಪದವಿ ಮುಗಿದ ಮೇಲೆ ಲಕ್ಷಗಟ್ಟಲೆ ಸುರಿಯುವುದು, ಕೊಳೆ ಬಂದು ಕಾಯಿ ಉದುರಿದ ಮೇಲೆ ಮೈಲುತುತ್ತ ಕಲಸಿದ ಹಾಗೆ. ನಮ್ಮ ಕಡೆಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗನ ಓದಿನ ವಿಷಯ ಬಂದಾಗ ಮಾತ್ರ ಮರೆಯುತ್ತಾರೆ.

ಕೋಚಿಂಗಿನಿಂದ ಲಾಭವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹೊತ್ತುಹೊತ್ತಿಗೆ ಕೂರುವ ಶಿಸ್ತು, ವಾರಕ್ಕೊಂದು ಪರೀಕ್ಷೆ, ಅದೇ ಗುರಿಯ ನಾಲ್ಕು ಜನರ ಜೊತೆ. ಇವು ನಿಜವಾದ ಲಾಭಗಳು, ಒಬ್ಬನೇ ಮನೆಯಲ್ಲಿ ಕೂತವನಿಗೆ ಇವು ಇಲ್ಲದೆ ಕಷ್ಟವೂ ಹೌದು. ಆದರೆ ಇವುಗಳಲ್ಲಿ ಯಾವುದಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರು ರಾತ್ರಿ ಬಸ್ಸಿನಲ್ಲಿ ಹೋಗಬೇಕು? ಪಾಠ ಬೇಕೆಂದರೆ ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಇವೆ. ಹಳೆಯ ಪ್ರಶ್ನೆಪತ್ರಿಕೆಗಳೂ ಪುಕ್ಕಟೆ. ಕೋಚಿಂಗಿನಲ್ಲಿ ಪಾಠ ಮಾಡುವವರು ಎಷ್ಟೋ ಸಲ ಮೊನ್ನೆ ಮೊನ್ನೆ ಅದೇ ಪರೀಕ್ಷೆ ಬರೆದು ಆಗದೆ ಉಳಿದ ಹುಡುಗರು. ಎನ್‌ಪಿಟಿಇಎಲ್‌ನಲ್ಲಿ ಪಾಠ ಮಾಡುವವರು ಆ ವಿಷಯದ ಪ್ರೊಫೆಸರುಗಳು.

ಇನ್ನು ಗೋಡೆಗೋಡೆಯ ಮೇಲೆ ನಗುತ್ತಿರುವ ಟಾಪರುಗಳ ಫೋಟೋ. ಅವರೆಲ್ಲ ಅಲ್ಲೇ ಓದಿ ಗೆದ್ದರಲ್ಲ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತರಬೇಕಾಗಿ ಬಂದದ್ದೇ ಈ ಫೋಟೋಗಳಿಂದ. ಯುಪಿಎಸ್‌ಸಿಯಲ್ಲಿ ಗೆದ್ದ ಎಷ್ಟೋ ಜನರು ಲಿಖಿತ ಪರೀಕ್ಷೆಯನ್ನು ತಮ್ಮ ಪಾಡಿಗೆ ದಾಟಿ, ಸಂದರ್ಶನದ ತರಬೇತಿಗೆ ಮಾತ್ರ ಹೋಗಿದ್ದವರು. ಅವರನ್ನು ಪೂರ್ತಿ ಕೋರ್ಸಿನ ಫಲವೆಂಬಂತೆ ತೋರಿಸಿದ್ದನ್ನು ಪ್ರಾಧಿಕಾರ ಎತ್ತಿ ತೋರಿಸಿತು. ಈಗ ಯಾವ ಕೋರ್ಸು ತೆಗೆದುಕೊಂಡಿದ್ದರೆಂದು ಜಾಹೀರಾತಿನಲ್ಲೇ ಹೇಳಬೇಕು, ಆಯ್ಕೆಯಾದ ಮೇಲೆ ಲಿಖಿತ ಒಪ್ಪಿಗೆ ಪಡೆಯದೆ ಫೋಟೋ ಹಾಕುವಂತಿಲ್ಲ. ಗೆದ್ದವರ ಫೋಟೋ ಗೋಡೆಯ ಮೇಲಿರುತ್ತದೆ. ಅದೇ ಬೆಂಚಿನಲ್ಲಿ ಅಷ್ಟೇ ಶುಲ್ಕ ಕೊಟ್ಟು ಕೂತು, ಸೋತು, ಬಸ್ಸು ಹತ್ತಿ ಊರಿಗೆ ಬಂದವರ ಪಟ್ಟಿಯನ್ನು ಯಾರೂ ಅಂಟಿಸುವುದಿಲ್ಲ.

ಸೋಲಿನ ಮಾತನ್ನು ನಾವು ಆಡುವುದೇ ಇಲ್ಲ, ಆಡಬೇಕು. ಇಡೀ ದೇಶಕ್ಕೆ ಸೇರಿ ಮುನ್ನೂರು ಚಿಲ್ಲರೆ ಹುದ್ದೆ. ಎಲ್ಲಿ ಓದಿದರೂ ಬರೆದವರಲ್ಲಿ ಬಹುತೇಕರು ಆಯ್ಕೆಯಾಗುವುದಿಲ್ಲ. ಹಾಗಿರುವಾಗ ಎಷ್ಟು ಕಳೆದುಕೊಳ್ಳಲು ಸಿದ್ಧ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಶೃಂಗೇರಿ, ಕೊಪ್ಪದ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿಂದಿದೆ, ಈಚೆಗೆ ಎಲೆಚುಕ್ಕಿ ರೋಗ ಬಂದು ಸೇರಿದೆ. ಅಂಥ ಮನೆಯವರು ಒಡವೆ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ಎತ್ತಿ ಕೋಚಿಂಗ್ ಶುಲ್ಕ, ಪಿಜಿ ಬಾಡಿಗೆ, ಊಟದ ಖರ್ಚು ಕಟ್ಟುತ್ತಾರೆ. ಊರಲ್ಲಿ ಓದಿ ಆಗದಿದ್ದರೆ ಹೋದದ್ದು ಸಮಯ. ಅಲ್ಲಿ ಓದಿ ಆಗದಿದ್ದರೆ ಸಮಯವೂ ಹೋಯಿತು, ಸಾಲವೂ ಉಳಿಯಿತು, ಮುಖ ತೋರಿಸಲು ನಾಚಿಕೆಯಾಗಿ ಮತ್ತೊಂದು ವರ್ಷದ ಶುಲ್ಕವನ್ನೂ ಕಟ್ಟಿದ್ದಾಯಿತು.

"ಬೆಂಗಳೂರಿನಲ್ಲಿದ್ದರೆ ಇಸ್ರೋ ಆಗದಿದ್ದರೂ ಒಂದು ಸಾಫ್ಟ್‌ವೇರ್ ಕೆಲಸವಾದರೂ ಸಿಗುತ್ತದೆ" ಎನ್ನುವವರಿಗೆ ನನ್ನ ತಕರಾರಿಲ್ಲ. ಕೆಲಸ ಹುಡುಕಲು ಬೆಂಗಳೂರಿಗೆ ಹೋಗಬೇಕಾದವರು ಹೋಗಲಿ. ಅದನ್ನು ಇಸ್ರೋ ತಯಾರಿ ಎಂದು ಕರೆದು ಅಪ್ಪನಿಂದ ದುಡ್ಡು ತರಿಸಿಕೊಳ್ಳುವುದು ಬೇಡ. ಇಸ್ರೋಗೆಂದು ಸರಿಯಾಗಿ ಓದಿದ ಓದು ಬೇರೆ ಕಡೆಯೂ ನಡೆಯುತ್ತದೆ. ಗೇಟ್ ಪರೀಕ್ಷೆಯ ವಿಷಯ ಹೆಚ್ಚುಕಮ್ಮಿ ಇದೇ. 2025ರಲ್ಲಿ ಇಸ್ರೋ 63 ಹುದ್ದೆಗಳನ್ನು ಗೇಟ್ ಅಂಕದ ಮೇಲೆಯೇ ಕರೆದಿತ್ತು. ಆ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಉಂಟು. ಇಷ್ಟೆಲ್ಲ ಬಾಗಿಲಿರುವ ಓದಿಗೆ ಒಂದೇ ಊರಿನ ವಿಳಾಸ ಯಾಕೆ?

ಈ ಅಭಿಪ್ರಾಯದ ಅತಿ ಕೆಟ್ಟ ಪರಿಣಾಮ ಹೆಣ್ಣುಮಕ್ಕಳ ಮೇಲೆ. ಇಸ್ರೋ ಅಂದರೆ ಬೆಂಗಳೂರಿನ ಕೋಚಿಂಗ್, ಕೋಚಿಂಗ್ ಅಂದರೆ ಪಿಜಿ, ಪಿಜಿ ಅಂದರೆ ಲಕ್ಷ ಎಂದು ಒಮ್ಮೆ ತೀರ್ಮಾನವಾದರೆ, ಇಬ್ಬರು ಮಕ್ಕಳಿರುವ ಮನೆ ಯಾರನ್ನು ಕಳಿಸುತ್ತದೆ? ಮಗನನ್ನು. ಮಗಳು ಅವನಿಗಿಂತ ಚೆನ್ನಾಗಿ ಓದಿದ್ದರೂ "ಅವಳಿಗೆ ಎಂತಕ್ಕೆ, ಗಂಡು ನೋಡ್ತಾ ಇದೀವಿ" ಎನ್ನುತ್ತಾರೆ. ತೋಟದ ಲೈನಿನಲ್ಲಿ ಬೆಳೆದ ಕೂಲಿಯವರ ಮಗಳಂತೂ ಲೆಕ್ಕಕ್ಕೇ ಬರುವುದಿಲ್ಲ. ಪರೀಕ್ಷೆ ಮಾತ್ರ ಆ ಹುಡುಗಿಯನ್ನು ಹೊರಗಿಟ್ಟಿಲ್ಲ. ಅರ್ಜಿ ಶುಲ್ಕ 250 ರೂಪಾಯಿ. ಮೊದಲು 750 ಕಟ್ಟಿಸಿಕೊಂಡು, ಪರೀಕ್ಷೆಗೆ ಹಾಜರಾದವರಿಗೆ 500 ಮರಳಿಸುತ್ತಾರೆ, ಮಹಿಳೆಯರಿಗೂ ಪರಿಶಿಷ್ಟರಿಗೂ ಪೂರ್ತಿ ವಾಪಸ್ಸು. ಹೊರಗಿಟ್ಟದ್ದು ನಮ್ಮ ಜಗಲಿಯ ಮಾತು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಯೋಜನೆಯ ನಿರ್ದೇಶಕಿ ನಿಗರ್ ಶಾಜಿ ಪಶ್ಚಿಮ ಘಟ್ಟದ ಬುಡದ ಸೆಂಗೋಟ್ಟೈನವರು. ಸರ್ಕಾರಿ ಶಾಲೆಯಲ್ಲಿ ಓದಿ, ತಿರುನೆಲ್ವೇಲಿಯ ಸರ್ಕಾರಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರು. ಘಟ್ಟದ ಆ ತುದಿಯಲ್ಲಿ ಆದದ್ದು ಈ ತುದಿಯಲ್ಲಿ ಆಗಬಾರದೆಂದೇನೂ ಇಲ್ಲ.

ದೊಡ್ಡವರ ಹೆಸರು ಹೇಳಿ ಮಕ್ಕಳನ್ನು ಹುರಿದುಂಬಿಸುವ ಭಾಷಣ ಶೈಲಿ ನನಗೆ ಒಗ್ಗದು. ಹೆಸರುಗಳನ್ನು ಸಾಕ್ಷಿಯಾಗಿ ಕರೆಯುತ್ತಿದ್ದೇನೆ. ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಉಡುಪಿ ಕಡೆಯ ಅದಮಾರಿನವರು. ಅದೇ ಹುದ್ದೆಯಲ್ಲಿದ್ದ ಎ.ಎಸ್. ಕಿರಣ್ ಕುಮಾರ್ ಹಾಸನ ಜಿಲ್ಲೆಯ ಆಲೂರಿನವರು. 2025ರ ಜನವರಿಯಲ್ಲಿ ಅಧ್ಯಕ್ಷರಾದ ವಿ. ನಾರಾಯಣನ್ ಕನ್ಯಾಕುಮಾರಿ ಜಿಲ್ಲೆಯ ಹಳ್ಳಿಯವರು. ಮೊದಲು ಓದಿದ್ದು ಡಿಪ್ಲೊಮಾ, ಆಮೇಲೆ ಎಎಂಐಇ, ಇಸ್ರೋ ಸೇರಿದ ಕೆಲವು ವರ್ಷದ ಮೇಲೆ ಖರಗ್‌ಪುರದ ಐಐಟಿ. ಇವರ ಕಾಲ ಬೇರೆ, ಪೈಪೋಟಿ ಬೇರೆ ಎಂದರೆ ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ ಹುಡುಗರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಉಪಗ್ರಹ ಕಟ್ಟಿದವರಲ್ಲ. ಅವರಿಗೆ ಯಾವ ಕೋಚಿಂಗ್ ಸೆಂಟರು ಹೇಳಿಕೊಟ್ಟಿತ್ತು? ಪುಸ್ತಕ ತೆರೆದು, ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತರು. ಅಂಥವರು ಕಟ್ಟಿದ ಸಂಸ್ಥೆಗೆ ಸೇರುವವನು ತಾನಾಗಿ ಓದಲಾರೆ ಎಂದು ಮೊದಲೇ ಕೈಚೆಲ್ಲಿದರೆ, ಸೇರಿದ ಮೇಲೆ ಮಾಡುವುದೇನು?

ವಿಜ್ಞಾನ ಘಟ್ಟದ ಮೇಲೆ ಬೆಳೆಯದು ಎನ್ನುವವರಿಗೆ ಬಾಳೆಹೊನ್ನೂರಿನ ದಾರಿ ತೋರಿಸುತ್ತೇನೆ. ಅಲ್ಲಿಯ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಅದಕ್ಕೂ ಮೊದಲೇ ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ ಕೊಳೆರೋಗ ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ನೂರು ವರ್ಷದಿಂದ ವಿಜ್ಞಾನಿಗಳು ಬಂದು ಇದೇ ಮಳೆಯಲ್ಲಿ, ಇದೇ ಜಿಗಣೆಗಳ ನಡುವೆ ಕೂತು ಕೆಲಸ ಮಾಡಿದ್ದಾರೆ. ಅಲ್ಲೇ ಸೀಗೋಡಿನ ನವೋದಯ ವಿದ್ಯಾಲಯದ ಮಕ್ಕಳು ಪ್ರವೇಶ ಪರೀಕ್ಷೆ ಬರೆದೇ ಬಂದವರು. ನಾಡಿನ ಜನರೆಲ್ಲ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಶೃಂಗೇರಿಗೆ ಬರುತ್ತಾರೆ. ಶೃಂಗೇರಿಯವರು ಮಾತ್ರ, ಇಲ್ಲಿ ಕೂತರೆ ವಿದ್ಯೆ ಹತ್ತುವುದಿಲ್ಲ ಎಂದು ಮಕ್ಕಳನ್ನು ಮೆಜೆಸ್ಟಿಕ್ಕಿಗೆ ಬಸ್ಸು ಹತ್ತಿಸುತ್ತಾರೆ.

ಈಗ ಅನುಕೂಲದ ವಿಚಾರ. ಓದಬೇಕಾದರೆ ಊರು ಬಿಡಬೇಕು ಎಂದು ಒಪ್ಪಿಕೊಂಡ ಕ್ಷಣದಲ್ಲಿ ಊರಿನ ಮೇಲೆ ಯಾವ ಹೊಣೆಯೂ ಉಳಿಯುವುದಿಲ್ಲ. ಪಂಚಾಯಿತಿಯನ್ನು ಕೇಳಬೇಕಾಗಿಲ್ಲ, ಶಾಸಕರನ್ನು ಹಿಡಿಯಬೇಕಾಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ಇರುವುದು ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ. ಇಲ್ಲಿ ಚುನಾವಣೆಯ ಮಾತೆಂದರೆ ರಸ್ತೆ, ಒತ್ತುವರಿ, ಅಡಿಕೆ, ಹುಲಿ ಯೋಜನೆ. ಓದುವ ಕೋಣೆಯನ್ನು ಯಾರೂ ಕೇಳಿದ್ದಿಲ್ಲ. ಕ್ಷೇತ್ರದಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿಲ್ಲ. ಇರಲೇಬೇಕೆಂದು ನಾನೂ ಕೇಳುವುದಿಲ್ಲ, ರಾಜ್ಯದಲ್ಲಿ ಈಗಿರುವುದೇ ಹೆಚ್ಚಾಗಿದೆ. ರಜೆಗೆ ಬಂದ, ಓದು ಮುಗಿಸಿ ಬಂದ ಮಕ್ಕಳು ಕೂರಲು ಒಂದು ಜಾಗ ಬೇಕು.

ಅದಕ್ಕೆ ದುಡ್ಡಿಲ್ಲ ಎನ್ನಬೇಡಿ. ನಾವು ಕಟ್ಟುವ ಮನೆ ಕಂದಾಯದ ಮೇಲೆ ಶೇಕಡಾ 6 ಗ್ರಂಥಾಲಯ ಕರವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ರಶೀದಿಯಲ್ಲಿ ಬೇರೆಯಾಗಿಯೇ ಇರುತ್ತದೆ, ಓದಿದವರು ಕಡಿಮೆ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರು ಬಂದಿದೆ. ಬೋರ್ಡು ಹೊಸದು, ಪುಸ್ತಕದ ಕಪಾಟು ಬಹಳ ಕಡೆ ಹಳೆಯದೇ: ಸ್ಪರ್ಧಾ ಪರೀಕ್ಷೆಯ ಮಾಸಿಕಗಳು, ಯಾರೋ ದಾನ ಕೊಟ್ಟ ಅಧ್ಯಾತ್ಮ. ಅಲ್ಲಿ ಮೂರು ವಿಭಾಗದ ಮೂಲ ಪುಸ್ತಕಗಳ ಒಂದೊಂದು ಕಟ್ಟು ಇಡಲು, ಒಂದು ಹಾರ್ಡ್ ಡಿಸ್ಕಿನಲ್ಲಿ ಎನ್‌ಪಿಟಿಇಎಲ್ ಪಾಠಗಳನ್ನು ತುಂಬಿಡಲು, ಒಂದು ಇನ್ವರ್ಟರ್ ಹಾಕಿಸಲು ಒಬ್ಬ ಹುಡುಗನ ಒಂದು ವರ್ಷದ ಕೋಚಿಂಗ್ ಮತ್ತು ಪಿಜಿಯ ಖರ್ಚಿಗಿಂತ ಹೆಚ್ಚೇನೂ ಆಗದು.

ಹಾರ್ಡ್ ಡಿಸ್ಕು, ಇನ್ವರ್ಟರು ಎಂದು ಬೇಕೆಂದೇ ಹೇಳಿದೆ. ನೆಟ್ಟಿಲ್ಲ, ಕರೆಂಟಿಲ್ಲ ಎನ್ನುವ ಆಕ್ಷೇಪ ನೆಪವಲ್ಲ, ನಿಜ. ಆಷಾಢದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೆಸ್ಕಾಂನವರು ಬರುವ ತನಕ ದಿನಗಟ್ಟಲೆ ಕತ್ತಲು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂತದ್ದನ್ನು ನಾಡೇ ನೋಡಿದೆ. ಆದರೆ ಇದಕ್ಕೆ ಉತ್ತರ, ಕರೆಂಟಿರುವ ಊರಿಗೆ ಒಬ್ಬೊಬ್ಬರನ್ನೇ ಸಾಗಿಸುವುದೋ, ಊರಲ್ಲಿ ಒಂದು ಕೋಣೆಗೆ ಬೆಳಕು ಕೊಡುವುದೋ? ಬೆಂಗಳೂರಿನಲ್ಲಿ ನೆಲೆನಿಂತ ನಮ್ಮ ಕಡೆಯ ಎಂಜಿನಿಯರುಗಳು ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಧಾರಾಳವಾಗಿ ಕೊಡುತ್ತಾರೆ, ಕೊಡಲಿ. ಹಬ್ಬಕ್ಕೆ ಬಂದಾಗ ಅರ್ಧ ದಿನ ಆ ಕೋಣೆಯಲ್ಲಿ ಕೂತು ಮಕ್ಕಳಿಗೆ ಒಂದು ಅಣಕು ಸಂದರ್ಶನವನ್ನೂ ಮಾಡಲಿ, ಅಂಥದಕ್ಕೆ ಪೇಟೆಯಲ್ಲಿ ಸಾವಿರಗಟ್ಟಲೆ ಶುಲ್ಕ.

ಇನ್ನೊಂದು ಕೊರತೆ ಕೋಚಿಂಗಿಗೂ ನಮಗೂ ಸಂಬಂಧಿಸಿದ್ದಲ್ಲ, ಇಸ್ರೋಗೆ ಸಂಬಂಧಿಸಿದ್ದು. ಈ ಪರೀಕ್ಷೆಗೆ ಕರ್ನಾಟಕದಲ್ಲಿ ಇರುವ ಒಂದೇ ಕೇಂದ್ರ ಬೆಂಗಳೂರು. ಗೇಟ್ ಬರೆಯಲು ಮಂಗಳೂರಿಗೋ ಹುಬ್ಬಳ್ಳಿಗೋ ಹೋದರಾಗುತ್ತದೆ, ಇದಕ್ಕೆ ಬೀದರಿನವರೂ ಶೃಂಗೇರಿಯವರೂ ಬೆಂಗಳೂರಿಗೇ ಬರಬೇಕು. ಇಸ್ರೋದ ಕೇಂದ್ರ ಕಚೇರಿ ಇರುವ ರಾಜ್ಯ, ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರ, ಬ್ಯಾಲಾಳುವಿನಲ್ಲಿ ಗಗನನೌಕೆಗಳ ಜೊತೆ ಮಾತಾಡುವ 32 ಮೀಟರಿನ ಆಂಟೆನಾ, ಚಳ್ಳಕೆರೆಯಲ್ಲಿ ಜಮೀನು ಕೊಟ್ಟ ರಾಜ್ಯ ಇದು. ಎರಡನೆಯ ಪರೀಕ್ಷಾ ಕೇಂದ್ರ ಕೇಳುವ ಹಕ್ಕು ಇದಕ್ಕಿದೆ. ಸಂಸದರಿಗೆ ಒಂದು ಪತ್ರ ಬರೆಯುವುದು ಪಿಜಿ ಹುಡುಕುವುದಕ್ಕಿಂತ ಸುಲಭ.

ಬಿಇ ಓದದವರ ಬಗ್ಗೆಯೂ ಒಂದು ಮಾತು. ಹಾಸನದ ಕೇಂದ್ರವೂ ಬೆಂಗಳೂರಿನ ಕೇಂದ್ರಗಳೂ ಡಿಪ್ಲೊಮಾದವರನ್ನು ಟೆಕ್ನಿಕಲ್ ಅಸಿಸ್ಟೆಂಟ್ ಆಗಿ, ಐಟಿಐ ಆದವರನ್ನು ಟೆಕ್ನಿಶಿಯನ್ ಆಗಿ ತೆಗೆದುಕೊಳ್ಳುತ್ತವೆ. ಫಿಟ್ಟರ್, ಎಲೆಕ್ಟ್ರಿಶಿಯನ್ ಓದಿದ ಮಗ ಮನೆಯಲ್ಲಿದ್ದರೆ ಆ ಪ್ರಕಟಣೆಗಳ ಮೇಲೂ ಕಣ್ಣಿಡಿ. ಇಸ್ರೋ ಅಂದರೆ ವಿಜ್ಞಾನಿ ಮಾತ್ರ ಎಂಬ ಭ್ರಮೆಯಲ್ಲಿ ನಮ್ಮವರು ಅರ್ಜಿಯನ್ನೇ ಹಾಕುವುದಿಲ್ಲ.

ಮಕ್ಕಳು ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿರುವ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟು. ಕೋಚಿಂಗಿಗೆಂದು ಈಗಲೇ ದುಡ್ಡು ಕೂಡಿಡಬೇಡಿ, ಈ ಸಲದ ಅಂಕಪಟ್ಟಿ ತರಿಸಿ ನೋಡಿ. 65ರ ಕೆಳಗಿದ್ದರೆ ಗಲಾಟೆ ಮಾಡುವ ಕಾಲ ಇದು. ಮೂಲ ಪುಸ್ತಕ ಕೇಳಿದರೆ ಕೊಡಿಸಿ. ಮಗಳು ಪರೀಕ್ಷೆ ಕಟ್ಟುತ್ತೇನೆಂದರೆ ಗಂಡು ನೋಡುವುದನ್ನು ಎರಡು ವರ್ಷ ತಡೆಯಿರಿ. ಮತ್ತು ಮುಂದಿನ ಗ್ರಾಮಸಭೆಗೆ ಮನೆ ಕಂದಾಯದ ರಶೀದಿ ಹಿಡಿದುಕೊಂಡು ಹೋಗಿ, ಗ್ರಂಥಾಲಯ ಕರದ ಲೆಕ್ಕ ಕೇಳಿ.